ಲಗ್ನಕ್ಕೆ ಎರವಲು ಬಂದ ಟಿವಿ

ಊರಿನ ಹಾಲಿನ ಸೊಸಾಯಿಟಿಗೆ ನಮ್ಮ ಮಾವನವರ ಹೆಸರು ಇಟ್ಟಿದ್ದಾರೆ. ಹೋದ ತಿಂಗಳು ಅದರ ಸಮಾರಂಭವಿತ್ತು. ನಾನು ಬರುವುದಿಲ್ಲ ಎಂದೆ. ನಮ್ಮ ಯಜಮಾನರು ಕೇಳಲಿಲ್ಲ. ಸೋಲಾಪುರದ ವಿಜಾಪುರ ರಸ್ತೆಯ ಮನೆಯಲ್ಲಿ ಒಬ್ಬಳೇ ಕುಳಿತು ಗೋಡೆ ನೋಡುತ್ತೀಯೇನು, ಜನ ಏನೆಂದಾರು ಎಂದು ಕಾರು ಹತ್ತಿಸಿದರು. ನಾಗಣಸೂರು ದಾಟಿ, ಗಡಿಗೆ ಅಂಟಿಕೊಂಡ ನಮ್ಮ ಊರು ಮುಟ್ಟುವ ಹೊತ್ತಿಗೆ ಭಾಷಣ ಶುರುವಾಗಿತ್ತು. ಮಾವನವರ ಫೋಟೋಕ್ಕೆ ದಪ್ಪ ಹಾರ. ಒಬ್ಬರು ಮರಾಠಿಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ, ಈ ಭಾಗದ ಬಡಮಕ್ಕಳಿಗೆ ಹಾಲು ಕಾಣಿಸಿದ ಪುಣ್ಯಾತ್ಮ ಎಂದು ಹೊಗಳಿದ್ದೇ ಹೊಗಳಿದ್ದು. ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ ಕ್ಯಾನುಗಳಿಂದ ಹುಳಿತ ಹಾಲಿನ ವಾಸನೆ ಬರುತ್ತಿತ್ತು. ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಕಣ್ಣಲ್ಲಿ ನೀರು ಬಂದಿದ್ದು ನಿಜ.

ಯಾರದೋ ಮನೆಯ ಸೊಸೆ ತಂಬಿಗೆಯಲ್ಲಿ ನೀರು ತಂದುಕೊಟ್ಟು, “ಮಾವಾರ ನೆನಪಾತೇನ್ರಿ ಕಾಕೂ?” ಎಂದಳು.

“ಹೂಂ ಅವ್ವಾ, ಭಾಳ ನೆನಪಾತು” ಎಂದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಅವರು ಆಡಲು ಬಿಡಲಿಲ್ಲ, ಸತ್ತ ಮೇಲೆ ಆಡಬಾರದಂತೆ, ಹಾಗಾದರೆ ಆಡುವುದು ಯಾವಾಗ? ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆಯನ್ನು ಯಾರೋ ನಮ್ಮ ಮಾವನವರನ್ನು ನೋಡಿಯೇ ಕಟ್ಟಿರಬೇಕು. ನನಗೆ ಅವರ ಮೇಲೆ ಸಿಟ್ಟಿದೆ. ಇಷ್ಟು ವರ್ಷಗಳಾದರೂ ಇಳಿಯದ ಸಿಟ್ಟು. ಒಂದೇ ಒಂದು ಹಿಂಗಾರಿನಲ್ಲಿ, ಸೀಗಿ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ನಡುವಿನ ವಾರಗಳಲ್ಲಿ ಕೂಡಿಕೊಂಡದ್ದು ಅದು. ಎಪ್ಪತ್ತರ ದಶಕದ ನಡುವಿನ ಮಾತು, ಹಳ್ಳದಾಚೆಯ ಊರಿಗೆ ಸರಕಾರದ ಟಿವಿ ಬಂದ ವರ್ಷ.

ಆ ಮನೆಗೆ ನಾನು ಹೊಸಬಳು. ನಮ್ಮ ತಂದೆಯದು ಸೋಲಾಪುರದಲ್ಲಿ ಚಾದರಿನ ಅಂಗಡಿ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ ಕಲಸಿದ್ದು. ದೊಡ್ಡ ಪಾಟೀಲರ ವಾಡೆ, ಹೊಲ ಕಣ್ಣು ಹರಿಯುವಷ್ಟು, ಕೊಟ್ಟಿಗೆ ತುಂಬ ಎಮ್ಮೆ, ಹುಡುಗಿ ಹಾಲಿನಲ್ಲಿ ಕೈ ತೊಳೆಯುತ್ತಾಳೆ ಎಂದು ನಮ್ಮವರು ಕೊಟ್ಟರು. ಹಾಲಿನಲ್ಲಿ ಕೈ ತೊಳೆದದ್ದೇನೋ ನಿಜ. ಆಳುಗಳು ಕರೆದ ಹಾಲನ್ನು ಸೋಸಿ ಕಲಾಯಿ ಮಾಡಿದ ತಾಮ್ರದ ಕೊಡಗಳಿಗೆ ತುಂಬುವುದು ಸೊಸೆಯಂದಿರ ಕೆಲಸ. ಬಾಯಿಗೆ ಮಾತ್ರ ಬೀಳುತ್ತಿರಲಿಲ್ಲ. ನಸುಕಿನಲ್ಲೇ ಬಂಡಿ ಹೂಡಿ ಕೊಡಗಳೆಲ್ಲ ಅಕ್ಕಲಕೋಟಕ್ಕೆ ಹೋಗಬೇಕು. ಅಲ್ಲಿ ಭಕ್ತರ ದಟ್ಟಣೆ, ಚಹಾದ ಹೋಟೆಲು, ಪೇಢೆಯ ಅಂಗಡಿ. ಮಾವನವರು ತಲಬಾಗಿಲಲ್ಲಿ ಕುಳಿತು ಬಂಡಿ ಓಣಿ ದಾಟುವವರೆಗೆ ನೋಡುತ್ತಿದ್ದರು. ಗಂಡಸರಿಗೆ, ಬಂದ ಬೀಗರಿಗೆ ಹಾಲು. ಸೊಸೆಯಂದಿರಿಗೆ ಮಜ್ಜಿಗೆ, ಅದೂ ನೀರು ನೀರು.

ಸೊಸೆಯಂದಿರು ಇಬ್ಬರು. ಹಿರಿಯಳು ನನ್ನ ನೆಗೆಣ್ಣಿ ಗಂಗಕ್ಕ, ನಮ್ಮ ಭಾವನ ಹೆಂಡತಿ. ಅವಳ ತವರು ಹಳ್ಳದಾಚೆಯ ಊರು. ಎರಡೂ ಊರಿನ ನಡುವೆ ಮೊಣಕಾಲುದ್ದ ನೀರಿನ ಹಳ್ಳ, ಆ ಹಳ್ಳದಲ್ಲೇ ರಾಜ್ಯದ ಗಡಿ. ಈಚೆ ಮಹಾರಾಷ್ಟ್ರ, ಆಚೆ ಕರ್ನಾಟಕ. ಎರಡೂ ಕಡೆ ಅದೇ ಮಾತು, ಅದೇ ರೊಟ್ಟಿ, ಅದೇ ನಂಟಸ್ತನ. ಗಂಗಕ್ಕ ಎರಡು ಸಲ ಹೆತ್ತಿದ್ದಳು. ಮೊದಲನೆಯದು ಕೆಲವೇ ದಿನ ಬದುಕಿತು, ಎರಡನೆಯದು ಹುಟ್ಟುವಾಗಲೇ ಹೋಯಿತು. ನಮ್ಮ ಅತ್ತೆ ಅದಕ್ಕೆ ಗಂಗಕ್ಕನ ಕಾಲ್ಗುಣ ಎಂದು ಹೆಸರಿಟ್ಟಿದ್ದರು. ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಲು ಸೋಸುತ್ತಿದ್ದಳು.

ಆ ಸೀಗಿ ಹುಣ್ಣಿಮೆಯ ಹೊತ್ತಿಗೆ ನಾನು ಬಸುರಿ. ಬೆಳಗ್ಗೆ ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿ ಬಸುರಿ ಇದ್ದಾಳೆ ಎಂದು ಎಳೆಯ ಜೋಳದ ನಡುವೆ ಕಡುಬು, ಹೋಳಿಗೆ ಚೆಲ್ಲಿ ಬಂದೆವು. ಅದೇ ಹುಣ್ಣಿಮೆ ಸೋಲಾಪುರದಲ್ಲಿ ಕೋಜಾಗಿರಿ. ನಮ್ಮ ಮಾಳಿಗೆಯ ಮೇಲೆ ಕೇಸರಿ ಹಾಲಿನ ಪಾತೇಲಿ ಇಟ್ಟು, ಚಂದ್ರ ಅದರಲ್ಲಿ ಕಂಡ ಮೇಲೆ ಮನೆಮಂದಿಯೆಲ್ಲ ಕುಡಿಯುವುದು. ಸಂಜೆಯಾಗುತ್ತಲೇ ನನಗೆ ಅದರ ಆಸೆ ತಡೆಯಲಾಗಲಿಲ್ಲ.

“ಅತ್ತಿ, ನಮ್ಮ ಊರಾಗ ಇವತ್ತ ಎಲ್ಲಾರೂ ಹಾಲು ಕುಡಿತಾರ್ರಿ. ನನಗೂ ಒಂದು ವಾಟಿ…” ಎಂದೆ.

“ಬಸುರಾಗ ಹಾಲು ಕುಡದ್ರ ಕೂಸು ದಪ್ಪ ಆಗ್ತದ. ಹಡಿಯಾಕ ತ್ರಾಸ” ಎಂದರು ಅತ್ತೆ. “ನಾ ಏನ ಕುಡದೇನು? ನಾ ಹಡದಿಲ್ಲೇನು?”

ಪಡಸಾಲೆಯಿಂದ ಮಾವನವರ ದನಿ ಬಂತು. “ಸೋಲಾಪುರದ ಥಾಟು ಸೋಲಾಪುರದಾಗ ಬಿಟ್ಟು ಬರಬೇಕು. ಈ ಮನ್ಯಾಗ ಹಾಲು ಇರೂದು ಮಾರಾಕ.”

ಹೊಲ ಬಸುರಾದರೆ ಹೋಳಿಗೆ, ಸೊಸೆ ಬಸುರಾದರೆ ಮಜ್ಜಿಗೆ. ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದವರು ಉಗುರು ನೋಡಿಕೊಂಡರು. ಅಪ್ಪನ ಎದುರು ಅವರ ಬಾಯಿಗೆ ಬೀಗ. ಗಂಗಕ್ಕ ಒಲೆಯ ಮುಂದಿನಿಂದ ನನ್ನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಕನಿಕರವಿರಲಿಲ್ಲ, ಹೆದರಿಕೆ ಇತ್ತು. ತನ್ನದು ಮತ್ತೆ ಶುರುವಾಯಿತು ಎಂಬ ಹೆದರಿಕೆ.

ಟಿವಿಯ ಮಾತು ಹೇಳಬೇಕು. ಮುಗಿಲಿನಲ್ಲಿ ಉಪಗ್ರಹ ಇದೆ, ಅದರಿಂದ ಚಿತ್ರ ಇಳಿಯುತ್ತದೆ ಎಂದು ಆ ಮಳೆಗಾಲದಲ್ಲಿ ಕರ್ನಾಟಕದ ಕೆಲವು ಹಳ್ಳಿಗಳಿಗೆ ಸರಕಾರ ಊರಿಗೊಂದರಂತೆ ಟಿವಿ ಕೊಟ್ಟಿತ್ತು. ಆಚೆ ಊರಿಗೂ ಬಂತು. ಸಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಛತ್ರಿ, ಕೆಳಗೆ ಪಡಸಾಲೆಯಲ್ಲಿ ಬಾಗಿಲಿದ್ದ ಕಟ್ಟಿಗೆಯ ಪೆಟ್ಟಿಗೆ. ಕೀಲಿ ಇದ್ದದ್ದು ಗಂಗಕ್ಕನ ಅಣ್ಣ ಮಲ್ಲಪ್ಪ ಮಾಸ್ತರನ ಜನಿವಾರವಿಲ್ಲದ ಎದೆಯ ಮೇಲೆ, ಶಿವದಾರದ ಜೊತೆಗೆ. ಸಂಜೆ ಹೊತ್ತು ಮುಳುಗಿದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆಯುವುದು. ಬೀಜೋಪಚಾರ, ದನದ ರೋಗ, ಕೂಸಿನ ಆರೈಕೆ, ಒಂದಿಷ್ಟು ಹಾಡು ಕುಣಿತ. ಊರಿನವರೆಲ್ಲ ಅಂಗಳದಲ್ಲಿ ಚಾಪೆ ಹಾಸಿ ನೋಡುವುದು, ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ.

ಹಳ್ಳದ ಈಚೆಗೆ ಟಿವಿ ಇಲ್ಲ. ಮಹಾರಾಷ್ಟ್ರದ ಪಾಲಿಗೆ ಇದು ಇಲ್ಲವಂತೆ. ನಮ್ಮ ಊರಿನವರು ಧೋತರ ಎತ್ತಿ ಹಳ್ಳ ದಾಟಿ ಹೋದರೆ ಅಲ್ಲಿಯವರು, “ಹಿಂದ ಕುಂಡ್ರಿ, ಇದು ನಮ್ಮ ಸರಕಾರದ್ದು” ಎನ್ನುತ್ತಿದ್ದರು. ನಿನ್ನೆಯವರೆಗೆ ಮಾವ, ಅಳಿಯ ಎಂದು ಮಾತನಾಡಿಸುತ್ತಿದ್ದವರು ಚಾಪೆಯ ಅಂಚಿಗಾಗಿ ಜಗಳ ಆಡಿದರು. ಒಂದು ಸಂಜೆ ಕಲ್ಲು ಬಿದ್ದು ನಮ್ಮ ಕಡೆಯ ಒಬ್ಬನ ಹಣೆ ಒಡೆಯಿತು. ಮಾವನವರಿಗೆ ಇದೆಲ್ಲ ಅವಮಾನ. ಸೊಸೆಯನ್ನು ಕೊಟ್ಟ ಊರು ತಮಗಿಂತ ಕೆಳಗಿರಬೇಕು, ಅದರ ಅಂಗಳದಲ್ಲಿ ತಮ್ಮ ಊರಿನವರು ಹೋಗಿ ನೆಲಕ್ಕೆ ಕೂರುವುದೆಂದರೇನು? ಅಂದಿನಿಂದ ಆ ಪೆಟ್ಟಿಗೆ ಎಂದರೆ ಅವರಿಗೆ ಆಗುತ್ತಿರಲಿಲ್ಲ.

ದೀಪಾವಳಿಯ ಪಾಡ್ಯಕ್ಕೆ ತಂಗಿಯನ್ನು ಕರೆಯಲು ಮಲ್ಲಪ್ಪ ಮಾಸ್ತರ ಬಂಡಿ ತಂದ. ನನ್ನ ಅಣ್ಣಂದಿರು ಹಬ್ಬದ ಗಿರಾಕಿ ಬಿಟ್ಟು ಬರುವುದು ಇನ್ನೂ ತಡವಿತ್ತು. ನನ್ನ ಮುಖ ನೋಡಿ ಅತ್ತೆಗೆ ಏನನ್ನಿಸಿತೋ, “ನೀನೂ ಹೋಗು. ಇಬ್ಬರೂ ಹಗಲ ಹೋಗಿ ಹಗಲ ಬರ್ರಿ” ಎಂದರು. ಹಳ್ಳ ದಾಟುವಾಗ ಗಂಗಕ್ಕ ಕಾಲು ಇಳಿಬಿಟ್ಟು ನೀರು ಮುಟ್ಟಿಸಿಕೊಂಡು ಕುಳಿತಳು. ತವರಿನ ನೀರು ತಂಪು ಎಂದು ನಕ್ಕಳು.

ಮಧ್ಯಾಹ್ನ ಊಟವಾದ ಮೇಲೆ ಸಾಲೆಯ ಮುಂದೆ ಜೀಪು ಬಂತು. ಟಿವಿಯವರು, ಹೈದರಾಬಾದಿನಿಂದ. ಒಬ್ಬ ಕ್ಯಾಮೆರಾ ಹಿಡಿದವ, ಒಬ್ಬ ವಯರು ಸುತ್ತುವವ, ಜೊತೆಗೆ ಭುಜದ ಮಟ್ಟಕ್ಕೆ ಕೂದಲು ಕತ್ತರಿಸಿದ ಒಬ್ಬ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಿ. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳನ್ನೆಲ್ಲ ಮಾಸ್ತರ ಬೇವಿನ ಗಿಡದ ಕೆಳಗೆ ಕೂಡಿಸಿದ. ಆ ಬಾಯಿ ಮೈಸೂರು ಕಡೆಯ ಕನ್ನಡದಲ್ಲಿ, “ಗರ್ಭಿಣಿಯಾಗಿದ್ದಾಗ ನೀವೆಲ್ಲ ಏನೇನು ತಿಂತೀರಿ? ಹಾಲು ಕುಡೀತೀರಾ?” ಎಂದು ಕೇಳಿದಳು. ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ಒಬ್ಬಾಕೆ ಮಾಸ್ತರನ ಮುಖ ನೋಡುತ್ತ, “ಎಲ್ಲಾ ತಿಂತೀವ್ರಿ, ಎಲ್ಲಾ ಕುಡಿತೀವ್ರಿ” ಎಂದಳು. ಮಾಸ್ತರ ತಲೆದೂಗಿದ.

ಆಗ ಗಂಗಕ್ಕ ಎದ್ದು ನಿಂತಳು. “ನಾ ಹೇಳ್ಲೇನ್ರಿ ಬಾಯಾರ?”

“ಹೇಳಿ, ಹೇಳಿ.”

“ನಾ ಈ ಊರ ಮಗಳು. ಹಳ್ಳದಾಚಿ ಪಾಟೀಲರ ಸೊಸಿ. ನಮ್ಮ ಮನ್ಯಾಗ ಕೊಟ್ಟಿಗಿ ತುಂಬ ಎಮ್ಮಿ ಅದಾವ. ಎರಡು ಸಲ ಬಸುರಾದೆ, ಎರಡೂ ಸಲ ನನಗ ಮಜ್ಜಿಗಿ ಕೊಟ್ರು. ಹಾಲು ಅಕ್ಕಲಕೋಟಕ್ಕ ಹೋತು, ಕೂಸು ಮಣ್ಣಿಗಿ ಹೋದ್ವು. ಈಗ ನನ್ನ ತಂಗಿ ಬಸುರಿ ಇದ್ದಾಳ, ಇಕಾ ಇಲ್ಲೇ ಕುಂತಾಳ. ಆಕಿಗೂ ಮಜ್ಜಿಗಿನ ಕೊಡಾಕತ್ಯಾರ.”

ನಾನು ಅವಳ ಸೀರೆಯ ನೆರಿಗೆ ಹಿಡಿದು ಎಳೆದೆ. ಗಿಡದ ಕೆಳಗೆ ನಗುವೆಲ್ಲ ನಿಂತುಹೋಗಿತ್ತು. ಮಲ್ಲಪ್ಪ ಮಾಸ್ತರ ನೆಲ ನೋಡುತ್ತಿದ್ದ. ಆ ಬಾಯಿ ಕ್ಯಾಮೆರಾದವನಿಗೆ ನಿಲ್ಲಿಸಲು ಸನ್ನೆ ಮಾಡಿ, “ಇದನ್ನು ತೋರಿಸಬಹುದಾ ನಾವು? ನಿಮಗೆ ತೊಂದರೆ ಆಗಲ್ವಾ?” ಎಂದಳು.

“ತೋರಸ್ರಿ. ಅದಕ್ಕಂತನ ಹೇಳೀನಿ” ಎಂದಳು ಗಂಗಕ್ಕ.

ತುಳಸಿ ಲಗ್ನವಾದ ಮರುವಾರದಲ್ಲಿ ಯಾವುದೋ ಒಂದು ಸಂಜೆ ಬರುತ್ತದೆ ಎಂದು ಹೇಳಿ ಜೀಪಿನವರು ಹೋದರು. ನಾನು ಹಾದಿಯುದ್ದಕ್ಕೂ ಗಂಗಕ್ಕನನ್ನು 'ನಿನಗೆ ಬುದ್ಧಿ ಇಲ್ಲ, ನಮ್ಮಿಬ್ಬರನ್ನೂ ಹೂತುಹಾಕುತ್ತಾರೆ' ಎಂದು ಬೈದೆ. ಅವಳು ಹಳ್ಳ ಬರುವವರೆಗೆ ಕೇಳಿಸಿಕೊಂಡಳು. “ಎರಡು ಸಲ ಬಾಯಿ ಮುಚಗೊಂಡು ನೋಡೀನಿ ಸುಮನ್. ಏನ ಬಂತು? ನಾ ಮನ್ಯಾಗ ಹೇಳಿದ್ರ ಗ್ವಾಡಿ ಕೇಳ್ತಾವ. ಬೀಗರು ಬಿಜ್ಜರು ನಾಕ ಮಂದಿ ಕೇಳಿದ್ರ ನಾಚಗಿಗರೆ ನಿನಗ ಹಾಲು ಕೊಟ್ಟಾರು” ಎಂದಳು. ಅಂದರೆ ಅವಳ ಲೆಕ್ಕ ಪೂರಾ ನನ್ನ ಹೊಟ್ಟೆಯದು.

ಸುದ್ದಿ ನಮಗಿಂತ ಮೊದಲೇ ಹಳ್ಳ ದಾಟಿತ್ತು. ಮಾವನವರು ಕೂಗಾಡಲಿಲ್ಲ, ಹೊಡೆಯಲೂ ಇಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮರುದಿನ ಮಲ್ಲಪ್ಪ ಮಾಸ್ತರನನ್ನು ಕರೆಸಿ, ತಮಗಾಗಿ ತೆಗೆದಿಟ್ಟ ಹಾಲಿನಲ್ಲಿ ಚಹಾ ಮಾಡಿಸಿ ಕುಡಿಸಿದರು. ನಮ್ಮ ನಾದಿನಿ ಕಮಲಾಳ ಲಗ್ನ ತುಳಸಿ ಲಗ್ನದ ಮರುವಾರಕ್ಕೇ ಇತ್ತು. ಗಂಡಿನವರು ಆಳಂದದ ಕಡೆಯ ಜಮೀನುದಾರರು, ಮಳೆಗಾಲಕ್ಕೆ ಮೊದಲೇ ನಿಶ್ಚಯವಾದ ಸಂಬಂಧ.

“ಮಾಸ್ತರ, ಲಗ್ನಕ್ಕ ನಿಮ್ಮೂರಿಂದ ಹಂಡೆ, ಜಮಖಾನಿ, ಗ್ಯಾಸಬತ್ತಿ ಎಲ್ಲಾ ಬರ್ತಾವಲ್ಲಾ ಪದ್ಧತಿ ಪ್ರಮಾಣೆ?” ಎಂದರು.

“ಬರ್ತಾವ್ರಿ ಬೀಗರ. ನಿಮ್ಮ ಲಗ್ನ ಅಂದ್ರ ನಮ್ಮ ಲಗ್ನ.”

“ಹಂಗಾದ್ರ ಆ ಟಿವಿನೂ ಬರ್ಲಿ. ವಾರ ಮೊದಲ ಬರ್ಲಿ, ಬೀಗರ ಊಟ ಮುಗಿಯೂತನಕ ಇರ್ಲಿ.”

ಮಾಸ್ತರ ತಡವರಿಸಿದ. “ಅದು ಸರಕಾರದ್ದರಿ. ಮ್ಯಾಲಿನ ಛತ್ರಿ ಇಲ್ಲದ ಹತ್ತೂದೂ ಇಲ್ರಿ.”

“ಹತ್ತದಿದ್ರೂ ನಡೀತದ. ಹಂದರದಾಗ ಶೋಭಾಕ್ಕ ಇರ್ಲಿ. ಏನು, ನಿಮ್ಮ ತಂಗಿ ಈ ಮನ್ಯಾಗ ಬಾಳೇವ ಮಾಡಬೇಕಲ್ಲಾ?”

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ಮುಗಿಯಿತು. ಹೆಣ್ಣು ಕೊಟ್ಟವನು ಬೀಗರು ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಲಗ್ನವಿದ್ದ ಮನೆಗೆ ನಂಟರ ಊರು ದೊಡ್ಡ ಹಂಡೆ ಕಳಿಸುವುದು ನಮ್ಮ ಭಾಗದ ರೂಢಿ, ಮಾಸ್ತರ ಸರಕಾರದ ಟಿವಿಯನ್ನೂ ಹಂಡೆಯ ಲೆಕ್ಕಕ್ಕೆ ಸೇರಿಸಿ ಒಪ್ಪಿಬಿಟ್ಟ. ಹಿತ್ತಿಲ ಬಾಗಿಲಲ್ಲಿ ಗಂಗಕ್ಕ ಅವನ ಅಂಗಿ ಹಿಡಿದು ನಿಲ್ಲಿಸಿದಳು.

“ಅಣ್ಣಾ, ಕೊಡಬ್ಯಾಡ. ನಾ ಆಡಿದ್ದು ಯಾರಿಗೂ ಕಾಣಬಾರದಂತ ಒಯ್ಯಾಕತ್ಯಾರ ಅದನ್ನ.”

“ನಿನ್ನ ಸಂಸಾರಕ್ಕಂತನ ಕೊಡಾಕತ್ತೀನಿ ಗಂಗೂ. ನಿನಗ ಯಾಂವ ಹೇಳಿದ್ದ ಅಷ್ಟ ಮಂದ್ಯಾಗ ನಿಂದರಾಕ?” ಎಂದು ಮಾಸ್ತರ ಅಂಗಿ ಬಿಡಿಸಿಕೊಂಡು ಹೋದ. ಊರಿಗೆಲ್ಲ ಟಿವಿ ತೋರಿಸಿ ಜ್ಞಾನ ಹಂಚುವ ಮಾಸ್ತರ! ಅವನ ಮೇಲೂ ನನಗೆ ಸಿಟ್ಟಿದೆ, ಮಾವನವರ ಮೇಲಿನದಕ್ಕಿಂತ ಒಂದು ತೂಕ ಕಡಿಮೆ.

ಪೆಟ್ಟಿಗೆ ಬಂಡಿಯಲ್ಲಿ, ಹುಲ್ಲಿನ ಮೇಲೆ ಗಾದಿ ಹಾಸಿಕೊಂಡು, ಮದುವಣಗಿತ್ತಿಯ ಹಾಗೆ ಬಂತು. ಆಚೆ ಊರಿನವರು ಬಂಡಿಯ ಹಿಂದೆ ಹಳ್ಳದವರೆಗೆ ಬಂದು ಬೈದರು. ನಮ್ಮೂರಿನವರು ಈ ದಂಡೆಯಲ್ಲಿ ನಿಂತು ಶಿಳ್ಳೆ ಹೊಡೆದರು. ಹಂದರದ ನಡುವೆ ಮೇಜಿನ ಮೇಲೆ ಇಟ್ಟು, ಅದಕ್ಕೆ ವಿಭೂತಿ, ಕುಂಕುಮ, ಮಾವಿನೆಲೆಯ ತೋರಣ. ಕೀಲಿ ಮಾವನವರ ಸೊಂಟದಲ್ಲಿ. ಗಂಗಕ್ಕ ಆ ವಾರವೆಲ್ಲ ಹಂದರ ದಾಟುವಾಗ ಅದರ ಕಡೆ ನೋಡಲಿಲ್ಲ. ಅವಳು ಸೋತಳು ಎಂದು ನನಗೆ ಖಚಿತವಾಗಿತ್ತು, ಅವಳಿಗೂ ಆಗಿತ್ತು. ರಾತ್ರಿಯ ಊಟಕ್ಕೆ ನನ್ನ ಗಂಗಾಳದ ಬದಿಗೆ ಅದೇ ನೀರು ಮಜ್ಜಿಗೆ.

ಲಗ್ನದ ದಿನ ಅಕ್ಷತೆ ಬಿದ್ದು, ಊಟದ ಪಂಕ್ತಿಗಳು ಎದ್ದು, ಬಿಸಿಲು ಇಳಿಯುವ ಹೊತ್ತು. ಗಂಗಕ್ಕ ಮತ್ತು ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಸಂಜೆಯ ಬೀಗರ ಊಟಕ್ಕೆ ಹೋಳಿಗೆಯ ಕಣಕ ನಾದುತ್ತಿದ್ದೆವು. ಕಿಟಕಿಯ ಆಚೆಗೇ ಹಂದರ. ಗಂಡಿನ ಸೋದರಮಾವ ಎಲೆ ಅಡಿಕೆ ಜಗಿಯುತ್ತ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಜೋರಾಗಿ ನಕ್ಕುಬಿಟ್ಟ.

“ಪಾಟೀಲರ, ಛತ್ರಿ ಇಲ್ಲದ ಇದೇನ ಮಾಡ್ತೀರಿ? ಇದರಾಗ ರೊಟ್ಟಿ ಇಟ್ಟೀರೇನು?”

“ಶೋಭಾಕ್ಕರಿ ಬೀಗರ. ನಿಮಗಂತ ಮುದ್ದಾಂ ತರಸೀನಿ. ನೀವ್ಯಾವಾಗ ನೋಡಿರ್ತೀರಿ ಇಂಥಾದ್ದು!”

“ನಾವು ನೋಡದ ಏನ್ರಿ? ನಮ್ಮೂರಾಗೂ ಬಂದದಲ್ಲಾ ಮಳಿಗಾಲದಾಗ. ಇಕಾ, ಈ ಹೊತ್ತಿಗಿ ಲಗ್ನಕ್ಕ ಬಾರದ ಮುದಕ್ಯಾರೆಲ್ಲಾ ಚಾವಡಿ ಮುಂದ ಚಾಪಿ ಹಾಸ್ತಿರಬೇಕು.”

ಮಾವನವರ ದನಿ ಸ್ವಲ್ಪ ತಗ್ಗಿತು. “ನಿಮ್ಮೂರಾಗ ಬ್ಯಾರೆ ತೋರಸ್ತಾರಲ್ಲಾ? ಆಚಿ ಊರಿಂದು ಆಚಿ ಊರಾಗ, ನಿಮ್ಮೂರಿಂದು ನಿಮ್ಮೂರಾಗ.”

“ಹುಚ್ಚರಂಗ ಮಾತಾಡ್ತೀರಲ್ಲಾ! ಮುಗಲಿನಿಂದ ಬರೂದು ಅದು. ಇದ್ದಬದ್ದ ಊರಾಗೆಲ್ಲಾ ಒಂದ ಹೊತ್ತಿಗಿ ಒಂದ ಚಿತ್ರ ಬೀಳ್ತದ.”

ಇಷ್ಟೂ ದಿನ ಮಾವನವರು ಬಯಲಾಟದ ಲೆಕ್ಕ ಹಾಕಿದ್ದರು. ಮೇಳವನ್ನು ಬಂಡಿಗೆ ಹೇರಿ ತಂದರೆ ಆಟ ಆ ಊರಲ್ಲಿ ನಡೆಯುವುದಿಲ್ಲ, ಅಷ್ಟೇ. ಗಂಗಕ್ಕನ ಮಾತು ಆ ಪೆಟ್ಟಿಗೆಯೊಳಗೆ ಇದೆ, ಬಾಗಿಲು ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮುಗಿಯಿತು ಎಂದುಕೊಂಡಿದ್ದರು. ಕಿಟಕಿಯಿಂದ ನಾನು ಅವರ ಮುಖ ನೋಡಿದೆ. ಇಂಗು ತಿಂದ ಮಂಗ. ಅವರು ಹಂದರದ ಅಂಚಿಗೆ ಬಂದು ಪಡುವಣ ನೋಡಿದರು. ಹೊತ್ತು ಮುಳುಗುತ್ತಿತ್ತು, ಅದನ್ನು ತಡೆಯಲು ಅವರಿಗೆ ಯಾವ ಬೀಗರೂ ಇರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಹಿಟ್ಟು ಮೆತ್ತಿದ ಗಂಗಕ್ಕನ ಕೈಯನ್ನು ಹಿಟ್ಟು ಮೆತ್ತಿದ ನನ್ನ ಕೈಯಿಂದ ಹಿಡಿದು ಹಿಂಡಿದೆ. ಅವಳು ಮಾತ್ರ ನಗಲಿಲ್ಲ. “ಇನ್ನ ಮ್ಯಾಲ ಅದ ನಮಗ ತ್ರಾಸ” ಎಂದಳು.

ಲಗ್ನ ಮುಗಿದು ಪೆಟ್ಟಿಗೆ ತಿರುಗಿ ಹೋಗುವಾಗ ಆಚೆ ಊರಿನವರು ಹಳ್ಳದಲ್ಲಿ ಬಂಡಿ ಅಡ್ಡಗಟ್ಟಿದರು. ಎಳೆದಾಟದಲ್ಲಿ ಪೆಟ್ಟಿಗೆಯ ಒಂದು ಬಾಗಿಲು ಕಿತ್ತು ನೀರಿಗೆ ಬಿತ್ತು. ಈಚೆಯವರು ಇನ್ನು ಟಿವಿ ನೋಡಲು ಬಂದರೆ ಕಾಲು ಕಡಿಯುತ್ತೇವೆ ಎಂದು ಆಚೆಯವರು ಗದರಿದರು, ಎಷ್ಟೋ ದಿನ ಎರಡೂ ಊರಿನ ನಡುವೆ ಮಾತು ನಿಂತಿತು. ಮುಂದಿನ ಬೇಸಿಗೆ ಮುಗಿಯುತ್ತಲೇ ಟಿವಿಯೂ ನಿಂತಿತು, ಸರಕಾರದ ಪ್ರಯೋಗ ಒಂದೇ ವರ್ಷದ್ದಂತೆ. ಗಂಗಕ್ಕ ತನ್ನನ್ನು ತಾನು ಕೊನೆಗೂ ನೋಡಲಿಲ್ಲ. ನನ್ನ ಮಗಳು ದೊಡ್ಡವಳಾದ ಮೇಲೆ ಒಮ್ಮೆ, “ದೊಡ್ಡವ್ವಾ, ಟಿವಿದಾಗ ನೀ ಹೆಂಗ ಕಾಣ್ತಿದ್ದಿ?” ಎಂದು ಕೇಳಿದಳು. “ಯಾಂವಗ ಗೊತ್ತವ್ವಾ. ನೋಡಿದವರು ನಾ ಅಂದದ್ದಷ್ಟ ಹೇಳಿದ್ರು, ನನ್ನ ಮಾರಿ ಸುದ್ದಿ ಯಾರೂ ಹೇಳಲಿಲ್ಲ” ಎಂದು ಗಂಗಕ್ಕ ನಕ್ಕಳು.

ಎಳ್ಳಮಾವಾಸ್ಯೆಗೆ ಕಮಲಾ ಗಂಡನ ಜೊತೆ ತವರಿಗೆ ಬಂದಳು. ಎಲ್ಲರೂ ಹೊಲಕ್ಕೆ ಹೋದೆವು. ಜೋಳ ಎದೆಯುದ್ದ ಬೆಳೆದು ತೆನೆ ಹಾಲುಗಾಳಾಗಿತ್ತು, ಥಂಡಿ ಗಾಳಿಗೆ ಗರಿಗಳು ಸಪ್ಪಳ ಮಾಡುತ್ತಿದ್ದವು. ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಸುಣ್ಣ ಬಳಿದು ಪೂಜೆ ಮಾಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬಿನ ಬುತ್ತಿ ಬಿಚ್ಚಿದೆವು. ಭೂಮಿತಾಯಿಗೆ ಎರೆಯಲು ಅತ್ತೆ ಚರಿಗೆಯಲ್ಲಿ ಹಾಲು ತಂದಿದ್ದರು. ಮಾವನವರು ಹೊಸ ಅಳಿಯನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊಲದ ಎಲ್ಲೆ ತೋರಿಸುತ್ತಿದ್ದರು. ಕಮಲಾ ತುತ್ತು ಎತ್ತಲಿಲ್ಲ.

“ಯಾಕವ್ವಾ, ಊಟ ಮಾಡವಲ್ಲಿ?” ಎಂದರು ಮಾವನವರು. ಮಗಳೆಂದರೆ ಅವರಿಗೆ ಜೀವ.

ಅವಳು ಅತ್ತುಬಿಟ್ಟಳು. “ನಮ್ಮತ್ತಿ ದಿನಾ ಮುಂಜಾನಿ ವಾಟಿ ತುಂಬ ಹಾಲು ಕೊಟ್ಟು ಎದುರಿಗೆ ನಿಂತು ಕುಡಸ್ತಾರಪ್ಪಾ. ಕುಡಿ, ನಿಮ್ಮ ತವರಾಗ ಇದರ ರುಚಿ ನೋಡಿಲ್ಲ ನೀ ಅಂತಾರ. ಓಣಿ ಹೆಣಮಕ್ಕಳೆಲ್ಲಾ ನಗ್ತಾರ. ನಮ್ಮ ಲಗ್ನದ ದಿನಾ ಸಂಜಿಕ ಗಂಗಾ ವೈನಿ ಅಲ್ಲೇ ಟಿವಿದಾಗ ಬಂದಿದ್ರಂತ. ಮಕ್ಕಳನ್ನ ಕೊಂದು ಹಾಲು ಮಾರೂ ಮನಿಯವಳು ಅಂತ ನನಗ ಹೆಸರಿಟ್ಟಾರ.”

ಅಳಿಯ ಇಲ್ಲ ಎನ್ನಲಿಲ್ಲ, ರೊಟ್ಟಿ ಮುರಿಯುತ್ತ ಕುಳಿತ. ಮಾವನವರು ಎದ್ದು ನಿಂತರು. ಅಷ್ಟು ದಿನ ನುಂಗಿಕೊಂಡಿದ್ದ ಕೂಗು ಈಗ ಬಂತು, ಪಕ್ಕದ ಹೊಲದವರೂ ತಿರುಗಿ ನೋಡಿದರು.

“ಆ ಮಲ್ಲ್ಯಾಗ ಹೇಳಿ ಕಳಸ್ರಿ! ಆ ಜೀಪಿನವರನ್ನ ಮತ್ತ ಕರಸಲಿ. ಅದ ಗಿಡದ ಬುಡಕ ನಿಂತು, ನಾ ಸುಳ್ಳ ಹೇಳಿದ್ದೆ ಅಂತ ಈಕಿ ಹೇಳಬೇಕು. ಅಲ್ಲೀತನಕ ಈಕಿಗಿ ತವರಿಲ್ಲ. ಹಳ್ಳ ದಾಟಿದ್ರ ಕಾಲ ಮುರೀತೀನಿ!”

ಭಾವ ಸುಮ್ಮನಿದ್ದರು. ನನ್ನ ಗಂಡ ಸುಮ್ಮನಿದ್ದರು. ಗಂಡಸರೆಲ್ಲ ಎಷ್ಟು ಚೆನ್ನಾಗಿ ಸುಮ್ಮನಿರಲು ಕಲಿತಿದ್ದರು ಆ ಮನೆಯಲ್ಲಿ! ಗಂಗಕ್ಕ ಬಡಿಸುತ್ತಿದ್ದ ಪಲ್ಯದ ಬೋಗುಣಿಯನ್ನು ನೆಲಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

“ಕರಸ್ರಿ ಮಾವಾರ, ಬರ್ಲಿ. ಅವತ್ತ ಒಂದು ಮಾತು ಬಿಟ್ಟಿದ್ದೆ. ಎರಡನೇ ಸಲ ಬ್ಯಾನಿ ಎದ್ದಾಗ ಅಕ್ಕಲಕೋಟ ದವಾಖಾನಿಗಿ ಒಯ್ಯಾಕ ಬಂಡಿ ಕೇಳಿದ್ವಿ. ಕೊಡ ಹೇರಿದ್ದ ಬಂಡಿ ಅಂಗಳದಾಗ ನಿಂತಿತ್ತು. ಹಾಲು ತಡದ್ರ ಕೆಡತದ, ಈಕಿ ತಡೀತಾಳ ಅಂದ್ರಿ ನೀವು. ಬಂಡಿ ನನ್ನ ಬಿಟ್ಟು ಹೋತು. ಅದನ್ನೂ ಹೇಳ್ತೀನಿ.”

ನನಗೆ ಇದು ಗೊತ್ತಿರಲಿಲ್ಲ. ಕಮಲಾಗೆ ಗೊತ್ತಿರಲಿಲ್ಲ. ಅಳಿಯ ಗಂಗಾಳ ಬದಿಗೆ ಸರಿಸಿ ಕೈ ತೊಳೆದುಕೊಂಡ.

ಆಗ ಎದ್ದದ್ದು ಅತ್ತೆ. ಅವರೇಕೆ ಎದ್ದರೆಂದು ಯಾರಿಗೂ ತಿಳಿಯಲಿಲ್ಲ. ಬನ್ನಿ ಗಿಡದ ಬುಡಕ್ಕೆ ಹೋಗಿ, ಐದು ಕಲ್ಲುಗಳ ಮುಂದೆ ಇಟ್ಟಿದ್ದ ಹಾಲಿನ ಚರಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು.

“ಕುಡಿ.”

“ಅದು ಭೂಮಿತಾಯಿಗಿ ತಂದದ್ದು!” ಎಂದರು ಮಾವನವರು.

ಅತ್ತೆ ಅವರ ಕಡೆ ತಿರುಗಲಿಲ್ಲ. “ಈ ಹೊಲದಾಗ ಎರಡು ಕೂಸು ಇಟ್ಟೀವಿ ಆಕಿಗಿ” ಎಂದರು. “ಸಾಕು.”

ನಾನು ಚರಿಗೆ ತೆಗೆದುಕೊಂಡೆ. ಅತ್ತೆಯನ್ನು ಕ್ಷಮಿಸಿ ಕುಡಿಯಲಿಲ್ಲ, ಇಂದಿಗೂ ಕ್ಷಮಿಸಿಲ್ಲ. ಹೊಟ್ಟೆಯಲ್ಲಿದ್ದದ್ದು ಬದುಕಬೇಕಿತ್ತು, ಅದಕ್ಕೆ ಕುಡಿದೆ. ಗಂಗಕ್ಕ ಪಕ್ಕದಲ್ಲಿ ಬಂದು ನಿಂತಳು. ಚರಿಗೆ ಬರಿದಾಗುವವರೆಗೂ ಮಾವನವರ ಮುಖವನ್ನೇ ನೋಡುತ್ತ ಕುಡಿದೆ, ಅವರು ಕಣ್ಣು ಕೆಳಗಿಳಿಸಿದ ಮೇಲೂ.